ಅಂಚಿನಲ್ಲಿ ನಿಂತವರು

ನನ್ನ ನಾನಿ, ಅಂದರೆ ಅಮ್ಮಿಯ ತಾಯಿ, 2009ರಲ್ಲಿ ತೀರಿಕೊಂಡರು. ಅವರದೊಂದು ಒಳ್ಳೆಯ ಫೋಟೊ ನಮ್ಮ ಮನೆಯಲ್ಲಿಲ್ಲ. ಪಡಿತರ ಚೀಟಿಗೆಂದು ತೆಗೆಸಿದ, ಸೆರಗು ಅರ್ಧ ಮುಖ ಮುಚ್ಚಿರುವ ಸಣ್ಣದೊಂದು ಚಿತ್ರ ಇದೆ, ಅಷ್ಟೆ. ಕ್ಯಾಮೆರಾ ಕಂಡರೆ ಸಾಕು ಅವರು ಪಕ್ಕಕ್ಕೆ ಸರಿಯುತ್ತಿದ್ದರು. "ಮೇರೆಕು ನಕ್ಕೋ ಬಾಬಾ" ಎನ್ನುತ್ತಿದ್ದರು. ನನ್ನನ್ನು ಬಿಟ್ಟುಬಿಡಪ್ಪ ಎಂದು. ಪೂರ್ತಿ ಹೊರಗೆ ಹೋಗುತ್ತಿದ್ದರೇ ಎಂದರೆ ಅದೂ ಇಲ್ಲ. ಬಾಗಿಲ ಪಕ್ಕ, ಗೋಡೆಯ ಮೂಲೆ, ಗುಂಪಿನ ಕೊನೆ, ಹೀಗೆ ಎಲ್ಲೋ ಒಂದು ಅಂಚಿನಲ್ಲಿ ನಿಂತು ನೋಡುತ್ತಿದ್ದರು.

2007ರಲ್ಲಿ ಕೊಪ್ಪದಲ್ಲಿ ನನ್ನ ತಂಗಿಯ ಮದುವೆಯಾಯಿತು. ವಿಡಿಯೋ ತೆಗೆದವರು ನಮ್ಮ ಕಡೆಯ ಮದುವೆಗಳಿಗೆಲ್ಲ ಹೋಗುತ್ತಿದ್ದವರು. ಊರಿನವರಿಗೆಲ್ಲ ಅವರು ಅಣ್ಣ. ಶೃಂಗೇರಿಯ ಕಲ್ಯಾಣ ಮಂಟಪದಲ್ಲಿ ಧಾರೆ, ನರಸಿಂಹರಾಜಪುರದ ಚರ್ಚಿನಲ್ಲಿ ಉಂಗುರ, ಕೊಪ್ಪದಲ್ಲಿ ನಿಕಾಹ್, ಎಲ್ಲವೂ ಅವರ ಹೆಗಲ ಮೇಲಿನ ಅದೇ ಕ್ಯಾಮೆರಾದಲ್ಲಿ. ಆ ವರ್ಷವಷ್ಟೇ ಹೊಸ ಕ್ಯಾಮೆರಾ ತಂದಿದ್ದರು. "ಇದು ವೈಡ್, ಸಿನಿಮಾ ಥರ ಬರ್ತದೆ ಭಾಯ್" ಎಂದು ಹೆಮ್ಮೆಯಿಂದ ತೋರಿಸಿದ್ದು ನೆನಪಿದೆ. ಎರಡು ತಿಂಗಳ ಮೇಲೆ ಮೂರು ವಿಸಿಡಿಗಳು ಕೈಗೆ ಬಂದವು. ಮದುವೆ ಮನೆಯ ಸುಸ್ತು, ಸಾಲದ ಲೆಕ್ಕ, ಯಾರೂ ಸರಿಯಾಗಿ ನೋಡಲಿಲ್ಲ. ಬೀರುವಿನೊಳಗೆ ಹೋದವು.

2013ರಲ್ಲಿ ತಂಗಿ ಮಕ್ಕಳೊಂದಿಗೆ ಬಂದಾಗ ನಾನಿಯನ್ನು ಮಕ್ಕಳಿಗೆ ತೋರಿಸೋಣವೆಂದು ಡಿಸ್ಕ್ ಹಾಕಿದೆವು. ಹುಡುಗಿಯ ಕೋಣೆಯ ದೃಶ್ಯ ಬಂತು. ಹೆಂಗಸರೆಲ್ಲ ಸುತ್ತ ಕೂತಿದ್ದಾರೆ. ಪರದೆಯ ಬಲತುದಿಯಲ್ಲಿ ಒಂದು ಕೈ ಕಾಣಿಸಿತು. ಹಸಿರು ಗಾಜಿನ ಬಳೆ, ಮುಂದೆ ತೆರೆದಿಟ್ಟ ಪಾನ್‌ದಾನ್, ಎಲೆ ಮಡಚುವ ಬೆರಳುಗಳು. ಮೊಣಕೈಯಿಂದಾಚೆಗೆ ಏನೂ ಇಲ್ಲ. ಅದು ನಾನಿಯ ಕೈ ಎಂದು ನಮಗೆಲ್ಲ ಗೊತ್ತಾಯಿತು. ಮೂರು ಡಿಸ್ಕ್‌ಗಳನ್ನೂ ಹುಡುಕಿದೆವು. ಒಂದು ಕಡೆ ಸೆರಗು, ಇನ್ನೊಂದು ಕಡೆ ಅರ್ಧ ಭುಜ. ಮುಖ ಎಲ್ಲೂ ಇಲ್ಲ.

ಅಣ್ಣನ ಹತ್ತಿರ ಹೋಗಿ, ನಮ್ಮ ನಾನಿಯನ್ನು ಹೀಗೆ ಬಿಟ್ಟುಬಿಟ್ಟಿರಲ್ಲ ಎಂದೆ. ಅವರಿಗೆ ನೋವಾಯಿತು. "ಇಲ್ಲ ಭಾಯ್. ಅಜ್ಜಿ ಇದ್ರು. ನಾನು ನೋಡಿಯೇ ತೆಗೆದದ್ದು. ಹೋಗಿದ್ದು ಮಿಕ್ಸಿಂಗಿನಲ್ಲಿ" ಎಂದರು. ಆಗ ಮದುವೆ ಕ್ಯಾಸೆಟ್‌ಗಳನ್ನು ಸಂಕಲನಕ್ಕೆಂದು ದೂರದ ಊರಿಗೆ ಬಸ್ಸಿನಲ್ಲಿ ಕಳಿಸುವ ಪದ್ಧತಿಯಿತ್ತು. ಅದಕ್ಕೆ ಮಿಕ್ಸಿಂಗ್ ಎಂದೇ ಹೆಸರು. ಅಲ್ಲಿ ಅಗಲವಾದ ಚಿತ್ರವನ್ನು ಮಾಮೂಲಿ ಟಿವಿಯ ಅಳತೆಗೆ ತಂದಿದ್ದರು. ತರುವಾಗ ಎಡಬಲದ ಅಂಚು ಹೋಗಿತ್ತು. ಅಂಚಿನಲ್ಲಿ ನಿಂತಿದ್ದ ನಾನಿಯೂ ಹೋಗಿದ್ದರು.

ಈ ಅಳತೆಗಳು ಎಲ್ಲಿಂದ ಬಂದವು, ಯಾರು ಮಾಡಿದ್ದು ಎಂದು ಕೇಳುತ್ತಾ ಹೋದದ್ದು ಹೀಗೆ. ಕತೆ ಬರೆಯುವವನಿಗೆ ಇದೊಂದು ಚಟ.

ಮಾಮೂಲಿ ಟಿವಿಯ ಅಳತೆ ಎಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಅಂಗಡಿಯವರು 4:3 ಎನ್ನುತ್ತಾರೆ. ಇದು ಟಿವಿ ಮಾಡಿದವರ ಲೆಕ್ಕವೇನಲ್ಲ. 1890ರ ದಶಕದ ಆರಂಭದಲ್ಲಿ ಅಮೆರಿಕದ ಎಡಿಸನ್ ಪ್ರಯೋಗಾಲಯದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ 35 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಒಂದೊಂದು ಚಿತ್ರಕ್ಕೆ ನಾಲ್ಕು ತೂತಿನಷ್ಟು ಎತ್ತರ ಕೊಟ್ಟ. ಚಿತ್ರ ಒಂದು ಅಂಗುಲ ಅಗಲ, ಮುಕ್ಕಾಲು ಅಂಗುಲ ಎತ್ತರ ಬಂತು. ಮಾತು ಬಂದ ಮೇಲೆ ಫಿಲ್ಮಿನ ಪಕ್ಕದಲ್ಲಿ ಧ್ವನಿಗೆ ಜಾಗ ಬೇಕಾಗಿ ಅಳತೆ ಕೊಂಚ ಆಚೀಚೆಯಾಯಿತು. ಆದರೂ ಸುಮಾರು ಅರವತ್ತು ವರ್ಷ ಜಗತ್ತಿನ ಸಿನಿಮಾ ಹೆಚ್ಚುಕಡಿಮೆ ಈ ಚೌಕದೊಳಗೇ ಇತ್ತು. ಟಿವಿ ಹುಟ್ಟಿದಾಗ ಅದೂ ಸಿನಿಮಾದ ಅಳತೆಯನ್ನೇ ತೆಗೆದುಕೊಂಡಿತು.

ಟಿವಿ ಮನೆಯೊಳಗೆ ಬಂದು ಜನ ಚಿತ್ರಮಂದಿರಕ್ಕೆ ಹೋಗುವುದು ಕಡಿಮೆಯಾದಾಗ ಹಾಲಿವುಡ್‌ನವರು ಮನೆಯ ಪೆಟ್ಟಿಗೆಯಲ್ಲಿ ಹಿಡಿಸದಂಥ ಚಿತ್ರ ಮಾಡಲು ಹೊರಟರು. 1953ರಲ್ಲಿ 'ದಿ ರೋಬ್' ಎಂಬ ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು. ಅದರ ಗುಟ್ಟು ಒಂದು ಮಸೂರದಲ್ಲಿತ್ತು. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಮಾಡಿಟ್ಟಿದ್ದದ್ದು. ಕ್ಯಾಮೆರಾಕ್ಕೆ ಹಾಕಿದರೆ ಎದುರಿನ ನೋಟವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ ಅದೇ 35 ಮಿಲಿಮೀಟರ್ ಫಿಲ್ಮಿನೊಳಗೆ ತುರುಕುತ್ತದೆ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲರೂ ಅಡಿಕೆ ಮರದಂತೆ ಸಪೂರ, ಉದ್ದ. ಪ್ರೊಜೆಕ್ಟರಿಗೆ ಅಂಥದೇ ಇನ್ನೊಂದು ಮಸೂರ ಹಾಕಿದರೆ ಹಿಂಡಿದ್ದೆಲ್ಲ ಬಿಡಿಸಿಕೊಂಡು ಪರದೆಯ ಮೇಲೆ ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಮೀರಿದ ಅಗಲದಲ್ಲಿ ಹರಡುತ್ತದೆ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಗುರುದತ್ತರ 'ಕಾಗಜ್ ಕೇ ಫೂಲ್', 1959ರದ್ದು. ಅದರ ಕ್ಯಾಮೆರಾ ಹಿಂದೆ ಇದ್ದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕನೊಬ್ಬನಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ 1993ರ 'ಹೂವು ಹಣ್ಣು' ಚಿತ್ರಕ್ಕೆ ಅವರು ಕೆಲಸ ಮಾಡಿದ್ದಾರೆಂಬುದು ಎಷ್ಟು ಜನರಿಗೆ ಗೊತ್ತೋ. 'ಕಾಗಜ್ ಕೇ ಫೂಲ್'ನಲ್ಲಿ ಖಾಲಿ ಸ್ಟುಡಿಯೋದ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಇತ್ತ ಅವನು, ಅತ್ತ ಅವಳು, ನಡುವೆ ಕತ್ತಲು. ಆ ನಡುವಿನ ದೂರವನ್ನು ತೋರಿಸಲೆಂದೇ ಅಷ್ಟು ಅಗಲ ಬೇಕಾಗಿತ್ತು.

ವಿಚಿತ್ರವೆಂದರೆ ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಟಿವಿ ಪ್ರಸಾರ ಶುರುವಾದದ್ದೂ ಅದೇ 1959ರಲ್ಲಿ, ಸೆಪ್ಟೆಂಬರ್ 15ರಂದು. ನಮ್ಮ ದೇಶಕ್ಕೆ ಅಗಲವಾದ ಚಿತ್ರವೂ ಅದನ್ನು ಹಿಡಿಸಲಾರದ ಪೆಟ್ಟಿಗೆಯೂ ಒಂದೇ ವರ್ಷ ಬಂದವು. ಆಗ ಇದು ಯಾರ ಗಮನಕ್ಕೂ ಬಂದಿರಲಾರದು. ಪೆಟ್ಟಿಗೆಯಿದ್ದ ಮನೆಗಳೇ ಬೆರಳೆಣಿಕೆ.

ಇನ್ನು ನಮ್ಮ ಮಲೆನಾಡಿಗೆ ಬರೋಣ. ಸಿನಿಮಾ ಎಂದರೆ ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಬರುವ ಟೆಂಟು. ಅಬ್ಬಾ ಇಶಾ ನಮಾಜ್ ಮುಗಿಸಿ, ಮೊಹಲ್ಲಾದ ಹಿರಿಯರ ಕಣ್ಣು ತಪ್ಪಿಸಿ ಎರಡನೇ ಆಟಕ್ಕೆ ಹೋಗುತ್ತಿದ್ದರಂತೆ. ಇದನ್ನು ಅವರೇ ಎಪ್ಪತ್ತು ದಾಟಿದ ಮೇಲೆ ನಗುತ್ತಾ ಹೇಳಿದ್ದು. ಎನ್.ಆರ್. ಪುರದಲ್ಲಿ ನೆಲದ ಟಿಕೆಟ್ಟಿಗೆ ಕೂತು ನೋಡಿದ ಒಂದು ಸಿನಿಮಾಸ್ಕೋಪ್ ಚಿತ್ರದ ಬಗ್ಗೆ ಅವರಿಗೆ ಕತೆಗಿಂತ ಬೇರೊಂದು ನೆನಪಿತ್ತು. ಟೆಂಟಿನ ಪರದೆ ಹಳೆಯ ಚೌಕದ್ದು. ಚಿತ್ರ ಅದರಲ್ಲಿ ಹಿಡಿಸದೆ ಎರಡೂ ಕಡೆ ಟೆಂಟಿನ ಬಟ್ಟೆಯ ಮೇಲೆ ಚೆಲ್ಲಿತ್ತು. ಗಾಳಿ ಬೀಸಿದರೆ ಅಂಚಿನಲ್ಲಿದ್ದವರು ಅಲುಗಾಡುತ್ತಿದ್ದರು. "ಆದರೂ ಕಾಣ್ತಾ ಇದ್ರಲ್ಲ" ಎಂದರು ಅಬ್ಬಾ. ನಾನಿಯ ಕೈಯ ವಿಷಯ ಹೇಳಿದ ದಿನವೇ ಅವರು ಈ ಮಾತು ಹೇಳಿದ್ದು.

ಕನ್ನಡದ ಮೊದಲ ಸಿನಿಮಾಸ್ಕೋಪ್ ಎಂದು ಹೆಸರಾದದ್ದು 1977ರ 'ಸೊಸೆ ತಂದ ಸೌಭಾಗ್ಯ', ಎ.ವಿ. ಶೇಷಗಿರಿರಾವ್ ನಿರ್ದೇಶನದ್ದು. ಅದಕ್ಕೂ ಏಳು ವರ್ಷ ಮೊದಲು ನಮ್ಮ ನೆಲದಲ್ಲೇ ತೆಗೆದ ಚಿತ್ರವೊಂದಿದೆ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ', 1970. ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಕಪ್ಪು ಬಿಳುಪು, ಹಳೆಯ ಚೌಕದ ಅಳತೆ. ದುಡ್ಡಿಲ್ಲದೆ ಮಾಡಿದ ಇಂಥ ಚಿತ್ರಗಳು ಟಿವಿಯಲ್ಲಿ ಬಂದಾಗ ಹೆಚ್ಚು ನಷ್ಟವಿಲ್ಲದೆ ಹಿಡಿಸಿದವು. ದುಡ್ಡು ಸುರಿದು ಅಗಲ ಮಾಡಿದ ಚಿತ್ರಗಳಿಗೇ ಕತ್ತರಿ ಬಿದ್ದದ್ದು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು. ನಮ್ಮ ಗುಡ್ಡಗಳ ನಡುವೆ ಆ ಅಲೆಗಳು ತಲುಪುವುದು ತಡವಾಯಿತು. ತಲುಪಿದ ಮೇಲೂ ಉದ್ದನೆಯ ಕಂಬದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಹೊರಗೆ ತಿರುಗಿಸುತ್ತಾ ಒಬ್ಬ ಒಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದೇ ಒಂದು ಆಟ. ನಾವು ಮಕ್ಕಳು ಕೂತು ನೋಡಿದ ಸಿನಿಮಾಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹೆಸರುಗಳು ಬರುವಷ್ಟು ಹೊತ್ತು ಎಲ್ಲರೂ ಸಪೂರವಾಗಿ, ಎತ್ತರವಾಗಿ ಇರುತ್ತಿದ್ದರು. ನಿರ್ದೇಶಕರ ಹೆಸರು ಬಂದು ಹೋದದ್ದೇ ತಡ, ಧಡಕ್ಕನೆ ಎಲ್ಲರೂ ದಪ್ಪಗಾಗಿ ಸರಿಯಾಗುತ್ತಿದ್ದರು. ನಮಗೆ ಅದು ಸಿನಿಮಾ ಶುರುವಾಗುವ ಗುರುತು. ಕಾರಣ ತಿಳಿದದ್ದು ಈಗ. ಹೆಸರುಗಳನ್ನು ಕತ್ತರಿಸಿದರೆ ಓದಲಾಗುವುದಿಲ್ಲ, ಹಾಗಾಗಿ ಅಷ್ಟು ಹೊತ್ತು ಹಿಂಡಿದ ಚಿತ್ರವನ್ನೇ ಬಿಡುತ್ತಿದ್ದರು. ಕತೆ ಶುರುವಾದ ಮೇಲೆ ಹಿಂಡಿದ್ದನ್ನು ಬಿಡಿಸಿ ಪಕ್ಕಗಳನ್ನು ಕತ್ತರಿಸುತ್ತಿದ್ದರು. ಹೆಸರಿಗೆ ಇದ್ದ ಮರ್ಯಾದೆ ಮುಖಕ್ಕೆ ಇರಲಿಲ್ಲ.

ಈ ಕತ್ತರಿಗೆ ಪ್ಯಾನ್ ಅಂಡ್ ಸ್ಕ್ಯಾನ್ ಎಂದು ಹೆಸರು. ಸಿನಿಮಾಸ್ಕೋಪ್ ಚಿತ್ರದ ಎತ್ತರವನ್ನು ಟಿವಿಯ ಎತ್ತರಕ್ಕೆ ಕೂರಿಸಿದರೆ ಅಗಲದಲ್ಲಿ ನೂರಕ್ಕೆ 57 ಪಾಲು ಮಾತ್ರ ಒಳಗೆ ಬರುತ್ತದೆ, 43 ಪಾಲು ಹೊರಗೆ. ಯಾವ 57 ಎಂದು ತೀರ್ಮಾನಿಸಲು ಒಬ್ಬ ಯಂತ್ರದ ಮುಂದೆ ಕೂರುತ್ತಿದ್ದ. ಎಡದವನು ಮಾತಾಡಿದರೆ ಎಡಕ್ಕೆ, ಬಲದವಳು ಉತ್ತರಿಸಿದರೆ ಬಲಕ್ಕೆ ಚೌಕಟ್ಟನ್ನು ಸರಿಸುತ್ತಿದ್ದ. ನಿರ್ದೇಶಕ ಇಬ್ಬರನ್ನೂ ಒಟ್ಟಿಗೆ ತೋರಿಸಿದ್ದ ಕಡೆ ಈ ಮನುಷ್ಯ ಒಬ್ಬೊಬ್ಬರನ್ನೇ ತೋರಿಸುತ್ತಿದ್ದ. ಮಾತಾಡದೆ ಸುಮ್ಮನೆ ಕೇಳುತ್ತಾ ನಿಂತವರಿಗೆ ಅವನ ಲೆಕ್ಕದಲ್ಲಿ ಜಾಗವಿರಲಿಲ್ಲ. ಮೂರ್ತಿಯವರ ಬೆಳಕಿನ ಕೋಲಿನ ದೃಶ್ಯವನ್ನು ಹೀಗೆ ಕತ್ತರಿಸಿದರೆ ಅವನು ಉಳಿಯಬೇಕು, ಇಲ್ಲವೇ ಅವಳು, ಇಲ್ಲವೇ ಇಬ್ಬರೂ ಇಲ್ಲದ ಬೆಳಕು. ಇದರ ಮೇಲೆ ಹಳೆಯ ಟಿವಿ ಪೆಟ್ಟಿಗೆಗಳದ್ದೇ ಒಂದು ಚಾಳಿ ಇತ್ತು. ಬಂದ ಚಿತ್ರದ ನಾಲ್ಕೂ ಅಂಚುಗಳು ಗಾಜಿನ ಚೌಕಟ್ಟಿನ ಹಿಂದೆ ಸ್ವಲ್ಪ ಮುಚ್ಚಿಹೋಗುತ್ತಿದ್ದವು. ಕತ್ತರಿಸಿ ಉಳಿದದ್ದರಲ್ಲೂ ಇನ್ನಷ್ಟು ಕಡಿತ.

ಇದನ್ನು ಎಲ್ಲರೂ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಅಮೆರಿಕದ ನಿರ್ದೇಶಕ ಸಿಡ್ನಿ ಪೊಲಾಕ್ ತಮ್ಮ ಚಿತ್ರವನ್ನು ಹೀಗೆ ಕತ್ತರಿಸಿ ಪ್ರಸಾರ ಮಾಡಿತೆಂದು ಡೆನ್ಮಾರ್ಕಿನ ಟಿವಿ ಸಂಸ್ಥೆಯ ಮೇಲೆ ಅಲ್ಲಿನ ನ್ಯಾಯಾಲಯಕ್ಕೆ ಹೋದರು. ಕತ್ತರಿಸಿದ್ದು ಕೃತಿಯನ್ನು ವಿರೂಪಗೊಳಿಸಿದಂತೆ ಎಂದು 1997ರಲ್ಲಿ ನ್ಯಾಯಾಲಯ ಒಪ್ಪಿತು. ತಾಂತ್ರಿಕ ಕಾರಣದಿಂದ ತೀರ್ಪು ಮಾತ್ರ ಟಿವಿಯವರ ಪರವಾಯಿತು.

ನಮ್ಮ ಕರ್ನಾಟಕದಲ್ಲೇ ಇದಕ್ಕೆ ಉಲ್ಟಾ ಆದ ಪ್ರಸಂಗವೊಂದಿದೆ, ಹೇಳದಿದ್ದರೆ ತಪ್ಪಾಗುತ್ತದೆ. ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' 1975ರಲ್ಲಿ 70 ಎಂಎಂ ಎಂದು ಬಂತು. ಆದರೆ 70 ಎಂಎಂ ಕ್ಯಾಮೆರಾ ದುಬಾರಿ. ತೆಗೆದದ್ದು ಮಾಮೂಲಿ 35 ಎಂಎಂನಲ್ಲಿ, ಹಳೆಯ ಚೌಕದಲ್ಲಿ. ಆಮೇಲೆ ಅದನ್ನು ಅಗಲ ಮಾಡಿದರು. ಚೌಕವನ್ನು ಅಗಲ ಮಾಡುವುದೆಂದರೆ ಮೇಲೆ ಕೆಳಗೆ ಕತ್ತರಿಸುವುದೇ. ವ್ಯತ್ಯಾಸವೆಂದರೆ ಅಲ್ಲಿ ಕ್ಯಾಮೆರಾ ಹಿಡಿದ ದ್ವಾರಕಾ ದಿವೇಚಾ ಅವರಿಗೆ ಮುಂದೆ ಹೀಗೆ ಆಗಲಿದೆ ಎಂದು ಮೊದಲೇ ಗೊತ್ತಿತ್ತು. ಏನು ಹೋಗುತ್ತದೆಂದು ತಿಳಿದವನು ಅದಕ್ಕೆ ತಕ್ಕಂತೆ ಜನರನ್ನು ನಿಲ್ಲಿಸುತ್ತಾನೆ. ನಮ್ಮ ಅಣ್ಣನಿಗೆ ಅದು ಗೊತ್ತಿರಲಿಲ್ಲ. 2025ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ 'ಶೋಲೆ'ಯನ್ನು ಹೊಸದಾಗಿ ಸರಿಪಡಿಸಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದಾಗ 70 ಎಂಎಂನ ಆ ಅಗಲದಲ್ಲೇ ತೋರಿಸಿದರು.

ಅಣ್ಣನ ಹೊಸ ಕ್ಯಾಮೆರಾದ ಅಳತೆ 16:9. ಇದೂ ಸುಮ್ಮನೆ ಬಂದ ಸಂಖ್ಯೆಯಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಚಾಲ್ತಿಯಲ್ಲಿದ್ದ ಎಲ್ಲ ಚೌಕಟ್ಟುಗಳನ್ನೂ ಕಾಗದದಲ್ಲಿ ಒಂದರ ಮೇಲೊಂದು ಇಟ್ಟು ನೋಡಿ, ಹಳೆಯ ಟಿವಿಗೂ ಸಿನಿಮಾಸ್ಕೋಪಿಗೂ ನಡುವಿನ ರಾಜಿಯಾಗಿ ಇದನ್ನು ಸೂಚಿಸಿದ್ದು. ರಾಜಿ ಎಂದ ಮೇಲೆ ಎರಡೂ ಕಡೆಯವರಿಗೂ ಸ್ವಲ್ಪ ಅಸಮಾಧಾನ ಇದ್ದೇ ಇರುತ್ತದೆ.

16:9ನ್ನು 4:3ಕ್ಕೆ ತರಲು ಮೂರು ದಾರಿಗಳು. ಒಂದು, ಹಿಂಡುವುದು. ಮದುಮಗಳು ಸಪೂರವಾಗುತ್ತಾಳೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಆದರೆ ದುಂಡನೆಯ ಬಿರಿಯಾನಿ ದೇಗ್ಚಿ ಮೊಟ್ಟೆಯ ಹಾಗೆ ಕಾಣುತ್ತದೆ. ಎರಡು, ಎಡಬಲ ಕತ್ತರಿಸುವುದು. ಮೂರು, ಪೂರ್ತಿ ಚಿತ್ರವನ್ನು ಚಿಕ್ಕದು ಮಾಡಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವುದು.

ನಾನು ಕೂತು ಲೆಕ್ಕ ಹಾಕಿದ್ದು ಎರಡನೆಯದನ್ನೂ ಮೂರನೆಯದನ್ನೂ. ನಮ್ಮ ದೇಶದ ಟಿವಿ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಗೆರೆಗಳು 576. ಆಗಿನ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಒಂದೊಂದು ಚಿತ್ರಕ್ಕೆ ಅಡ್ಡಲಾಗಿ 720 ಚುಕ್ಕಿ, ಕೆಳಮುಖವಾಗಿ 576 ಗೆರೆ. ಮಜವೆಂದರೆ 4:3 ತೆಗೆದರೂ ಅಷ್ಟೇ, 16:9 ತೆಗೆದರೂ ಅಷ್ಟೇ. ಚುಕ್ಕಿಗಳ ಸಂಖ್ಯೆ ಬದಲಾಗುವುದಿಲ್ಲ, ಒಂದೊಂದು ಚುಕ್ಕಿಯನ್ನು ಎಷ್ಟು ಅಗಲಕ್ಕೆ ಹರಡಬೇಕು ಎಂಬ ಒಂದು ಸೂಚನೆ ಮಾತ್ರ ಬದಲಾಗುತ್ತದೆ. ಕ್ರೆಟಿಯೆನ್‌ನ ಮಸೂರದ ಹಳೆಯ ಉಪಾಯವೇ ಇದು, ಗಾಜಿನ ಬದಲು ಅಂಕಿಯಲ್ಲಿ. ಈಗ ಪಕ್ಕ ಕತ್ತರಿಸಿದರೆ 720ರಲ್ಲಿ 540 ಚುಕ್ಕಿ ಉಳಿಯುತ್ತವೆ, ಎಡಕ್ಕೆ 90, ಬಲಕ್ಕೆ 90 ಹೋಗುತ್ತವೆ. ಕಪ್ಪು ಪಟ್ಟಿ ಬಿಟ್ಟರೆ 576 ಗೆರೆಯಲ್ಲಿ ಚಿತ್ರಕ್ಕೆ ಸಿಗುವುದು 432. ಎರಡರಲ್ಲೂ ಹೋಗುವುದು ಸರಿಯಾಗಿ ನಾಲ್ಕನೇ ಒಂದು ಪಾಲು. ಯಂತ್ರದ ದೃಷ್ಟಿಯಲ್ಲಿ ನಷ್ಟ ಒಂದೇ. ಆದರೆ ಒಂದರಲ್ಲಿ ಹೋಗುವುದು ಸ್ಪಷ್ಟತೆ, ನಾನಿಯ ಮುಖ ಸ್ವಲ್ಪ ಮಸುಕಾಗುತ್ತದೆ. ಇನ್ನೊಂದರಲ್ಲಿ ನಾನಿಯೇ ಹೋಗುತ್ತಾರೆ.

ಕತ್ತರಿಸಿದರೆ ಚಿತ್ರ ದೊಡ್ಡದಾಗಿ, ಚೆನ್ನಾಗಿ ಕಾಣುತ್ತದಲ್ಲ ಎಂದು ಮಿಕ್ಸಿಂಗ್ ಮಾಡುವವರು ಹೇಳುತ್ತಿದ್ದರು. ಟಿವಿ ತುಂಬುತ್ತದೆ, ನಿಜ. ಆದರೆ ಡಿವಿಡಿ ಮಾಡುವಾಗ ಆ 540 ಚುಕ್ಕಿಗಳನ್ನು ಮತ್ತೆ 720ಕ್ಕೆ ಎಳೆಯಬೇಕು. ಎಳೆದದ್ದರಲ್ಲಿ ಹೊಸ ವಿವರವೇನೂ ಹುಟ್ಟುವುದಿಲ್ಲ, ತೆಳು ಮಾಡಿದ ಸಾರು ಅಷ್ಟೆ. ವಿಸಿಡಿಯಲ್ಲಂತೂ ಒಟ್ಟು ಜಾಗವೇ 352 ಚುಕ್ಕಿ, 288 ಗೆರೆ. ಅದಕ್ಕೆ 4:3 ಬಿಟ್ಟು ಬೇರೆ ಅಳತೆಯೇ ಗೊತ್ತಿಲ್ಲ. ಅದರಲ್ಲಿ ಕಪ್ಪು ಪಟ್ಟಿ ಬಿಟ್ಟರೆ ಚಿತ್ರಕ್ಕೆ 216 ಗೆರೆ ಮಾತ್ರ ಉಳಿಯುತ್ತವೆ. ಅವರು ಕತ್ತರಿಸಲು ಇದೂ ಒಂದು ಕಾರಣವಿದ್ದೀತು. ಪೂರ್ತಿ ಅವರನ್ನೇ ಬೈಯುವುದೂ ಸರಿಯಲ್ಲ. ಪಟ್ಟಿ ಬಿಟ್ಟ ಡಿಸ್ಕ್ ಕೊಟ್ಟರೆ ಗಿರಾಕಿಗಳು ವಾಪಸ್ ತಂದು "ಅರ್ಧ ಟಿವಿ ಖಾಲಿ ಬಿಟ್ಟಿದೀರಿ, ದುಡ್ಡು ಪೂರ್ತಿ ತಗೊಂಡಿದೀರಿ" ಎಂದು ಜಗಳ ಮಾಡುತ್ತಿದ್ದರಂತೆ. ನಾವೂ ಅದನ್ನೇ ಮಾಡುತ್ತಿದ್ದೆವೋ ಏನೋ.

ಇಂಗ್ಲೆಂಡಿನ ಬಿಬಿಸಿಯವರು 1990ರ ದಶಕದ ಕೊನೆಯಲ್ಲಿ ಅಗಲ ಟಿವಿಗೆ ಬದಲಾಗುವಾಗ ಇದೇ ಜಗಳಕ್ಕೆ ಒಂದು ನಡುವಿನ ದಾರಿ ಹಿಡಿದಿದ್ದರು. ಹಳೆಯ ಪೆಟ್ಟಿಗೆಯವರಿಗೆ 14:9 ಅಳತೆಯಲ್ಲಿ ಕಳಿಸುತ್ತಿದ್ದರು. ಪಕ್ಕದಲ್ಲಿ ಎಂಟನೇ ಒಂದು ಪಾಲು ಮಾತ್ರ ಕಡಿತ, ಮೇಲೆ ಕೆಳಗೆ ಸಣ್ಣ ಪಟ್ಟಿ, ಗೆರೆಗಳು ಸುಮಾರು 494. ಅಲ್ಲಿ ಕ್ಯಾಮೆರಾದವರಿಗೂ ಮುಖ್ಯವಾದದ್ದನ್ನು ನಡುವೆ ಇಡಿ ಎಂದು ಮೊದಲೇ ಹೇಳಿರುತ್ತಿದ್ದರು. ನಮ್ಮಲ್ಲಿ ಕ್ಯಾಮೆರಾ ಕೊಪ್ಪದಲ್ಲಿ, ಕತ್ತರಿ ಇನ್ನೊಂದು ಊರಲ್ಲಿ, ನಡುವೆ ಒಂದು ಬಸ್ಸು. ಸಿನಿಮಾವನ್ನು ಕತ್ತರಿಸುವಾಗ ಕಡೇಪಕ್ಷ ಒಬ್ಬ ಮನುಷ್ಯ ಕೂತು ಎಡಬಲ ನೋಡುತ್ತಿದ್ದ. ಮದುವೆಯ ಮೂರು ಗಂಟೆಯನ್ನು ಕಂಪ್ಯೂಟರ್ ಒಂದೇ ಗುಂಡಿಗೆ ನಡುವನ್ನಷ್ಟೇ ಉಳಿಸಿ ಕತ್ತರಿಸಿತ್ತು. ಯಾರೂ ನೋಡಿರಲಿಲ್ಲ.

ಚಿಕ್ಕದು ಮಾಡುವಾಗಲೂ ಒಂದು ಎಚ್ಚರ ಬೇಕು. ಆಗಿನ ವಿಡಿಯೋದಲ್ಲಿ ಒಂದೊಂದು ಚಿತ್ರ ಎರಡು ಅರ್ಧಗಳಾಗಿ ಇರುತ್ತಿತ್ತು, ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು, ಸೆಕೆಂಡಿಗೆ 50 ಅರ್ಧಗಳು. ಎರಡನ್ನೂ ಬಿಡಿಸಿಕೊಳ್ಳದೆ 576 ಗೆರೆಯನ್ನು 432ಕ್ಕೆ ಇಳಿಸಿದರೆ ಎರಡೂ ಕಲಸಿಹೋಗಿ, ಕೈಬೀಸುವವರ ಕೈ, ನಡೆಯುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಒಡೆಯುತ್ತದೆ. ಮೊದಲು ಅರ್ಧಗಳನ್ನು ಬಿಡಿಸಬೇಕು, ಆಮೇಲೆ ಇಳಿಸಬೇಕು, ಮತ್ತೆ ಬೇಕಾದರೆ ಹೆಣೆಯಬೇಕು. ಒಂದೇ ಸಲ ಮಾಡಬೇಕು. ಇಳಿಸಿದ್ದನ್ನೇ ಮತ್ತೆ ಇಳಿಸಿ, ಒತ್ತಿದ್ದನ್ನೇ ಮತ್ತೆ ಒತ್ತಿ ಮಾಡಿದ ಪ್ರತಿಗಳೇ ನಮ್ಮ ಮನೆಗಳಲ್ಲಿ ಹೆಚ್ಚು. ಡಿವಿಡಿಯಾದರೆ ಇದ್ಯಾವುದೂ ಬೇಡ. 720 ಚುಕ್ಕಿ 576 ಗೆರೆಯನ್ನು ಇದ್ದಂತೆಯೇ ಇಟ್ಟು, ಇದು 16:9 ಎಂಬ ಸೂಚನೆಯನ್ನು ಜೊತೆಗೆ ಬರೆದರಾಯಿತು. ಹಳೆಯ ಟಿವಿಗೆ ಬೇಕಾದ ಪಟ್ಟಿಯನ್ನು ಪ್ಲೇಯರೇ ನೋಡಿಕೊಂಡು ಹಾಕುತ್ತದೆ, ಅಗಲ ಟಿವಿ ಬಂದರೆ ಪೂರ್ತಿ ಬಿಡುತ್ತದೆ. ಅಂದರೆ ಅಳತೆ ಬದಲಿಸುವ ಅಗತ್ಯವೇ ಇರಲಿಲ್ಲ. 2007ರಲ್ಲಿ ಡಿವಿಡಿ ಇರಲಿಲ್ಲವೇ ಎಂದರೆ ಇತ್ತು. ವಿಸಿಡಿ ಅಗ್ಗ, ಅಷ್ಟೇ ವ್ಯತ್ಯಾಸ. ನಮ್ಮ ಮದುವೆಯ ಲೆಕ್ಕದಲ್ಲಿ ಅದನ್ನು ಉಳಿಸಿದವನು ನಾನೇ.

ಮೂಲ ಕ್ಯಾಸೆಟ್ ಸಿಕ್ಕರೆ ಎಲ್ಲವೂ ಸರಿಹೋಗುತ್ತಿತ್ತು. ಅಣ್ಣ ಅಟ್ಟದ ಮೇಲಿಂದ ಒಂದು ತಗಡಿನ ಟ್ರಂಕ್ ಇಳಿಸಿದರು. ಅದು ಆಗಸ್ಟ್ ತಿಂಗಳು, ಹೊರಗೆ ನಮ್ಮೂರ ಮಳೆ. ಮಲೆನಾಡಿನಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಮಸೂರಕ್ಕೆ ಬರುವ ಬೂಸಲು ಕ್ಯಾಸೆಟ್ಟಿಗೆ ಬಾರದಿರುತ್ತದೆಯೇ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಪುಟ್ಟ ಕ್ಯಾಸೆಟ್‌ಗಳ ಸುರುಳಿಯ ಮೇಲೆ ಬೂದಿ ಎರಚಿದಂತಿತ್ತು. ತಂಗಿಯ ಮದುವೆಯದು ಮೂರು ಇರಬೇಕಿತ್ತು. ಒಂದು ಇಲ್ಲವೇ ಇಲ್ಲ. ಎರಡನೆಯದರ ಮೇಲೆ ನಮ್ಮ ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆದಿತ್ತು. ಹಾಕಿ ನೋಡಿದರೆ ಎನ್.ಆರ್. ಪುರದ ಒಂದು ಚರ್ಚಿನ ಮದುವೆ, ಬಿಳಿ ಗೌನಿನ ಹುಡುಗಿ. ಪಾನ್‌ದಾನ್ ಮುಂದೆ ಕೂತಿದ್ದ ನಾನಿಯ ಮೇಲೆ ಆ ಹುಡುಗಿ ನಗುತ್ತಾ ನಡೆದುಹೋಗಿದ್ದಳು. "ಕ್ಯಾಸೆಟ್ ರೇಟು ಜಾಸ್ತಿ ಇತ್ತು ಭಾಯ್, ಮಿಕ್ಸಿಂಗ್ ಆದ ಮೇಲೆ ಮತ್ತೆ ಬಳಸ್ತಿದ್ವಿ" ಎಂದು ಅಣ್ಣ ತಲೆ ತಗ್ಗಿಸಿದರು. ಹೇಳುವುದೇನಿದೆ. ಆ ಹುಡುಗಿಯ ಮನೆಯವರಿಗಾದರೂ ಅವರ ಮೂಲ ಚಿತ್ರ ಉಳಿದಿದೆ ಎಂದುಕೊಂಡೆ. ಆ ಕ್ಯಾಸೆಟ್ಟಿನಲ್ಲಿದ್ದದ್ದನ್ನೂ ಆಮೇಲೆ ಪೂರ್ತಿ ಅಗಲದಲ್ಲಿ ಇಳಿಸಿ ಅವರಿಗೆ ಕಳಿಸಿಕೊಟ್ಟೆವು.

ಮೂರನೆಯದು ರುಖ್ಸತಿಯದು, ಹುಡುಗಿಯನ್ನು ಕಳಿಸಿಕೊಡುವ ಹೊತ್ತಿನದು. ಅದು ಇತ್ತು. ಹಳೆಯ ಕ್ಯಾಮೆರಾದಲ್ಲಿ ಹಾಕಿ, ತಂತಿಯ ಮೂಲಕ ಕಂಪ್ಯೂಟರಿಗೆ ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡೆವು. ಮನೆ ಮುಂದೆ ಕಾರು, ನಡುವೆ ತಂಗಿ, ಅಮ್ಮಿ, ಚಾಚಿಯರು. ವಿಸಿಡಿಯಲ್ಲಿ ನಾವು ನೋಡಿದ್ದ ಅದೇ ದೃಶ್ಯ. ಆದರೆ ಈಗ ಬಲಗಡೆ ಇನ್ನಷ್ಟು ಅಂಗಳ ಇತ್ತು, ಕಂಬ ಇತ್ತು, ಕಂಬ ಹಿಡಿದು ನಾನಿ ನಿಂತಿದ್ದರು. ಬೂಸಲು ತಿಂದ ಜಾಗದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ಅವರ ಮುಖದ ಮೇಲೆಯೇ ಕೂತಿತ್ತು. ಕಾರಿನ ಬಾಗಿಲು ಮುಚ್ಚುವಾಗ ಅದು ಸರಿಯಿತು. ಏಳೆಂಟು ಸೆಕೆಂಡ್ ನಾನಿ ಸ್ಪಷ್ಟವಾಗಿ ಇದ್ದಾರೆ. ಸೆರಗು ಜಾರಿದೆ. ಕ್ಯಾಮೆರಾ ತಮ್ಮನ್ನೂ ನೋಡುತ್ತಿದೆ ಎಂದು ಅವರಿಗೆ ಗೊತ್ತಿಲ್ಲ.

ಈ ಇಡೀ ವಿಚಾರ ಈಗ ತಲೆಕೆಳಗಾಗಿದೆ. ಈಗಿನ ಟಿವಿ, ಮೊಬೈಲ್ ಎಲ್ಲವೂ ಅಗಲ. ಟಿವಿಯಲ್ಲೂ ಮೊಬೈಲ್‌ನಲ್ಲೂ ಹಳೆಯ ಚೌಕದ ಕನ್ನಡ ಚಿತ್ರಗಳನ್ನು ಹಾಕುವವರು ಪಕ್ಕದ ಕಪ್ಪು ಪಟ್ಟಿಗೆ ಹೆದರಿ ಒಂದೋ ಅಗಲಕ್ಕೆ ಎಳೆಯುತ್ತಾರೆ, ಇಲ್ಲ ತಲೆಯನ್ನೂ ಪಾದವನ್ನೂ ಕತ್ತರಿಸುತ್ತಾರೆ. ದುಡ್ಡಿಲ್ಲದ್ದಕ್ಕೆ ಚೌಕದಲ್ಲಿ ತೆಗೆದು ಟಿವಿಯ ಕಾಲದಲ್ಲಿ ಬಚಾವಾದ ಚಿತ್ರಗಳಿಗೆ ಈಗ ಸರದಿ ಬಂದಿದೆ. 1986ರ ಸುಮಾರಿಗೆ ಶಂಕರ್‌ನಾಗ್ ನಮ್ಮ ಪಕ್ಕದ ಆಗುಂಬೆಯಲ್ಲಿ ಟಿವಿಗೆಂದೇ ತೆಗೆದ 'ಮಾಲ್ಗುಡಿ ಡೇಸ್' ಕೂಡ ಚೌಕದ್ದೇ. ಅದರ ಮೇಲೆ ಕೆಳಗೆ ಕತ್ತರಿಸಿದರೆ ಹೋಗುವುದು ಹಂಚಿನ ಮಾಡು, ಅಂಗಳ. ಸರಿಯಾಗಿ ಮಾಡಿದವರೂ ಇದ್ದಾರೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್‌ನಿಂದಲೇ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೂಲ ಇದ್ದದ್ದಕ್ಕೆ ಅದು ಆಯಿತು. ಮದುವೆ ಕ್ಯಾಸೆಟ್‌ಗಳಿಗೆ ಸಂಗ್ರಹಾಲಯವಿಲ್ಲ, ಅಟ್ಟದ ಮೇಲಿನ ಟ್ರಂಕ್ ಇದೆ.

2013ರಲ್ಲಿ ಅಮ್ಮಿಯ ಬಳಿ ಇನ್ನೂ ಹಳೆಯ 21 ಇಂಚಿನ ಪೆಟ್ಟಿಗೆ ಟಿವಿಯೇ ಇತ್ತು. ಆ ಕ್ಯಾಸೆಟ್ಟನ್ನು ಕತ್ತರಿಸದೆ ಡಿವಿಡಿ ಮಾಡಿ ಹಾಕಿದೆ. ಪ್ಲೇಯರ್ ತಾನೇ ಪಟ್ಟಿ ಹಾಕಿಕೊಂಡಿತು. "ಮೇಲೆ ಕೆಳಗೆ ಯಾಕೆ ಕಪ್ಪು? ಟಿವಿ ಕೆಟ್ಟಿತಾ?" ಎಂದು ಕೇಳಿದರು ಅಮ್ಮಿ. ವಿವರಿಸಲು ಹೊರಟೆ. ಅಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿತು, ಕಂಬದ ಪಕ್ಕ ನಾನಿ ಬಂದರು. ಅಮ್ಮಿ ಕನ್ನಡಕ ಸರಿಮಾಡಿಕೊಂಡು ಟಿವಿಯ ಹತ್ತಿರ ಹೋಗಿ ಕೂತರು. "ಇನ್ನೊಂದ್ಸಲ ಹಾಕು" ಎಂದರು. ಅವತ್ತು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

2019ರಲ್ಲಿ ತಂಗಿ ಅವರಿಗೆ ಅಗಲ ಟಿವಿ ತಂದುಕೊಟ್ಟಳು. ಅದೇ ಡಿಸ್ಕ್ ಈಗ ಪಟ್ಟಿಯಿಲ್ಲದೆ ತುಂಬಿ ಬರುತ್ತದೆ. ಆದರೆ 1994ರ ಮಾಮುವಿನ ಮದುವೆಯ ಹಳೆಯ ಕ್ಯಾಸೆಟ್ಟಿನ ಪ್ರತಿಯನ್ನು ಹಾಕಿದರೆ ಎಲ್ಲರೂ ಅಡ್ಡಡ್ಡ ದಪ್ಪಗಾಗಿ ಕಾಣುತ್ತಾರೆ. ಊರಿಗೆ ಹೋದಾಗಲೆಲ್ಲ ನಾನು ರಿಮೋಟ್ ತೆಗೆದುಕೊಂಡು 4:3 ಎಂದು ಮಾಡಿಟ್ಟು ಬರುತ್ತೇನೆ. ಮುಂದಿನ ಸಲ ಹೋಗುವಷ್ಟರಲ್ಲಿ ಯಾರೋ ಟಿವಿ ತುಂಬುವ ಹಾಗೆ ಬದಲಾಯಿಸಿರುತ್ತಾರೆ.